ಕಣ್ಣಿಗೆ ಬೀಳದ ಮಾಲು ಮಾರೋದು ಹೇಗೆ? ಒಂದು ಗಿಟಾರ್ ತಂತಿಯ ಕಥೆ

ಫೋಟೋ 1

ಈ ಗುಲಾಬಿ ಪ್ಯಾಕೆಟ್ ಗಿಟಾರ್ ನುಡಿಸೋರಿಗೆಲ್ಲ ಗೊತ್ತು. ಮಿಕ್ಕವರಿಗೆ ಹೇಳ್ತೀನಿ, ಇದು ಚೂಯಿಂಗ್ ಗಮ್ ಅಲ್ಲ. ಅಮೆರಿಕದ ಎರ್ನಿ ಬಾಲ್ ಕಂಪನಿಯ ‘ಸೂಪರ್ ಸ್ಲಿಂಕಿ’ ತಂತಿಗಳು.

ನಮ್ಮ ಕ್ಲಾಸಲ್ಲೇ ಮನೇಲಿ ಏನಾದ್ರೂ ಮಾಡಿ ಮಾರೋರು ಇದ್ದೀರಿ. ಕೇಕು, ಮೇಣದಬತ್ತಿ, ಬಣ್ಣ ಬಳಿದ ಟೀ ಶರ್ಟು. ಪ್ರಮೋಷನ್ ಅಂದ ತಕ್ಷಣ ಎಲ್ಲರ ತಲೆಗೂ ಮೊದಲು ಬರೋದು ದುಡ್ಡು. ಪೋಸ್ಟ್ ಬೂಸ್ಟ್ ಮಾಡ್ಲಾ, ರೀಲ್ಸ್ ಮಾಡೋರಿಗೆ ಕೊಡ್ಲಾ ಅಂತ. ಗಿಟಾರಿನ ಬಿಡಿಭಾಗ ಮಾಡೋನಿಗೆ ದುಡ್ಡಿಗಿಂತ ಮುಂಚೆ ಇನ್ನೊಂದು ತಲೆನೋವು ಇದೆ. ಅವನ ಮಾಲು ಯಾರ ಕಣ್ಣಿಗೂ ಬೀಳಲ್ಲ. ಸ್ಟೇಜ್ ಮೇಲೆ ಕಾಣೋದು ಗಿಟಾರು, ಅದರ ತಲೆ ಮೇಲೆ ಬರೆದಿರೋ ಕಂಪನಿ ಹೆಸರು. ತಂತಿ ಯಾರದ್ದು ಅಂತ ಯಾರು ಕೇಳ್ತಾರೆ?

ಫೋಟೋ 2

1950ರ ದಶಕದ ಕೊನೆ. ಲಾಸ್ ಏಂಜಲೀಸ್‌ನ ಟಾರ್ಜಾನಾ ಅನ್ನೋ ಬಡಾವಣೆಯಲ್ಲಿ ಎರ್ನಿ ಬಾಲ್ ಒಂದು ಪುಟ್ಟ ಅಂಗಡಿ ತೆಗೆದ್ರು. ಅವರೇ ಗಿಟಾರ್ ನುಡಿಸೋರು, ಪಾಠ ಹೇಳಿಕೊಡೋರು. ಅಂಗಡಿಯಲ್ಲಿ ಗಿಟಾರ್ ಮಾತ್ರ. ಕಂಪನಿಗಳ ಸೇಲ್ಸ್‌ನವರು ಬಂದು ಡ್ರಮ್ಮು ಮಾರಿ, ಅದು ಮಾರಿ, ಇದು ಮಾರಿ ಅಂತಿದ್ರು. ಇವರು ಬೇಡ ಅಂದ್ರು. ದೇಶದಲ್ಲಿ ಗಿಟಾರ್ ಒಂದನ್ನೇ ಮಾರೋ ಮೊದಲ ಅಂಗಡಿ ತಮ್ಮದು ಅಂತ ಹೇಳಿಕೊಳ್ತಿದ್ರು.

ಮೊಂಡುತನ ಅನ್ನಿಸಬಹುದು. ಆದ್ರೆ ಅದರ ಲಾಭ ನೋಡಿ. ಬಾಗಿಲು ತೆಗೆದು ಒಳಗೆ ಬಂದ ಪ್ರತಿಯೊಬ್ಬನೂ ಗಿಟಾರಿನವನೇ. ಒಂದೇ ಜಾತಿಯ ದೂರು ಇಡೀ ದಿನ ಕಿವಿಗೆ ಬೀಳುತ್ತೆ.

ಮೊದಲು ಬಿದ್ದ ದೂರು ಹೊಸಬರದ್ದು. ಆಗ ಹೆಚ್ಚು ಮಾರಾಟ ಆಗ್ತಿದ್ದ ಸೆಟ್ಟು ಫೆಂಡರ್ ಕಂಪನಿಯ ‘ನಂಬರ್ 100’. ಒಂದು ಇಂಚನ್ನ ಸಾವಿರ ಪಾಲು ಮಾಡಿದ್ರೆ ಅದರ ಮೂರನೇ ತಂತಿ 29 ಪಾಲು ದಪ್ಪ. ಕಲಿಯೋ ಹುಡುಗರಿಗೆ ಬೆರಳು ಊರಿ ಒತ್ತೋಕೇ ಆಗ್ತಿರಲಿಲ್ಲ. ಬಾಲ್ ಫೆಂಡರ್‌ನವರ ಹತ್ರ ಹೋಗಿ, ಇದನ್ನ 24ಕ್ಕೆ ಇಳಿಸಿ ಅಂತ ಕೇಳಿದ್ರು. ಆಗಲ್ಲ ಅಂದ್ರು. ಸರಿ ಅಂತ ಬೇರೊಬ್ಬ ತಂತಿ ತಯಾರಕನ್ನ ಒಪ್ಪಿಸಿ, 24ರ ಸೆಟ್ಟು ಮಾಡಿಸಿ ತಮ್ಮ ಅಂಗಡಿಯಲ್ಲೇ ಇಟ್ಕೊಂಡ್ರು. ಸ್ವಂತ ಫ್ಯಾಕ್ಟರಿ ಇಲ್ಲ, ಅದನ್ನ ಗಮನಿಸಿ.

ಫೋಟೋ 3

ಎರಡನೇ ದೂರನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಾಲ್ ಅದನ್ನ ಕೌಂಟರ್ ಆಚೆ ನಿಂತು ನೋಡಿದ್ರು. ನನಗೆ ಈ ಇಡೀ ಕಥೆಯಲ್ಲಿ ಇಷ್ಟ ಆದ ಭಾಗ ಇದೇ.

ಪಳಗಿದ ವಾದಕರು ಅಂಗಡಿಗೆ ಬಂದು ಒಂದು ಗಿಟಾರ್ ಸೆಟ್ಟು, ಜೊತೆಗೆ ಬ್ಯಾಂಜೋ ವಾದ್ಯದ ಒಂದು ತೆಳು ತಂತಿ ತಗೊಳ್ತಿದ್ರು. ಬ್ಯಾಂಜೋ ತಂತಿ ಮೊದಲನೇ ಜಾಗಕ್ಕೆ. ಸೆಟ್ಟಿನ ಮೊದಲನೇದು ಎರಡನೇ ಜಾಗಕ್ಕೆ, ಎರಡನೇದು ಮೂರಕ್ಕೆ, ಹೀಗೇ ಜರುಗಿಸಿ, ಕೊನೆಯ ದಪ್ಪ ತಂತಿ ಕಸಕ್ಕೆ. ಆರೂ ತಂತಿ ಒಂದೊಂದು ಮೆಟ್ಟಿಲು ತೆಳು ಆದವು. ರಾಕ್ ಸಂಗೀತಕ್ಕೆ ತಂತಿಯನ್ನ ಎಳೆದು ಬಗ್ಗಿಸಬೇಕಲ್ಲ, ಅದಕ್ಕೆ ಈ ಸರ್ಕಸ್ಸು.

ಗ್ರಾಹಕ ತನ್ನ ಕೈಯಿಂದ ಜಾಸ್ತಿ ದುಡ್ಡು ಹಾಕಿ, ನಿಮ್ಮ ಮಾಲಿನ ಒಂದು ಭಾಗ ಬಿಸಾಕಿ, ತನಗೆ ಬೇಕಾದ್ದನ್ನ ತಾನೇ ಮಾಡ್ಕೊಳ್ತಿದ್ದಾನೆ ಅಂದ್ರೆ ಇನ್ನೇನು ಸರ್ವೇ ಬೇಕು ಹೇಳಿ! ಬಾಲ್ ಮತ್ತೆ ಫೆಂಡರ್‌ಗೆ ಹೋದ್ರು. ಅವರು ಮತ್ತೆ ಬೇಡ ಅಂದ್ರು. ಇವರು ಮತ್ತೆ ಅದೇ ತಯಾರಕನಿಂದ ಮಾಡಿಸಿದ್ರು. 1962ರ ಹೊತ್ತಿಗೆ ಅದಕ್ಕೆ ಸ್ಲಿಂಕಿ ಅಂತ ಹೆಸರು ಬಿತ್ತು.

ಆ ಹೆಸರನ್ನೂ ಸ್ವಲ್ಪ ನೋಡಿ. ‘ನಂಬರ್ 100’ ಅಂದ್ರೆ ಗೋಡೌನ್ ರಿಜಿಸ್ಟರಿನ ಭಾಷೆ. ‘ಸ್ಲಿಂಕಿ’ ಅಂದಾಗ ಬೆರಳಿಗೆ ಹೇಗಿರುತ್ತೆ ಅನ್ನೋದೇ ಹೆಸರಲ್ಲಿದೆ, ಬಳುಕುತ್ತೆ ಅಂತ. ಮೇಲಿಂದ ಕಣ್ಣು ಕುಕ್ಕೋ ಬಣ್ಣದ ಪ್ಯಾಕೆಟ್ಟು. ಹದ್ದಿನ ಚಿತ್ರದ ಲೋಗೋ ಬರೆದುಕೊಟ್ಟಿದ್ದು ಡಿಸ್ನಿಯಲ್ಲಿ ಕೆಲಸ ಮಾಡ್ತಿದ್ದ ರಾಲಿ ಕ್ರಂಪ್ ಅನ್ನೋ ಕಲಾವಿದರು. ತಂತಿ ಕಣ್ಣಿಗೆ ಕಾಣದಿದ್ರೆ ಏನಂತೆ, ಗಿಟಾರಿನ ಪೆಟ್ಟಿಗೆ ತೆಗೆದ್ರೆ ಪ್ಯಾಕೆಟ್ ಕಾಣುತ್ತೆ. ಪಕ್ಕದಲ್ಲಿ ಕೂತ ಇನ್ನೊಬ್ಬ ವಾದಕ ಕೇಳ್ತಾನೆ, ಏನದು ಅಂತ.

ಇನ್ನೊಂದು ಕೆಲಸ ಮಾಡಿದ್ರು. ಬಿಡಿ ತಂತಿಗಳನ್ನ ದಪ್ಪದ ಪ್ರಕಾರ ಬೇರೆ ಬೇರೆ ಇಟ್ಟು, ನಿಮ್ಮ ಸೆಟ್ಟು ನೀವೇ ಜೋಡಿಸ್ಕೊಳ್ಳಿ ಅಂದ್ರು. ಕ್ಯಾಲಿಫೋರ್ನಿಯಾದ ವಾದಕರು ಊರೂರು ಸುತ್ತೋವಾಗ ಈ ತಂತಿಗಳೂ ಜೊತೆಗೆ ಹೋದವು. ಅಂಗಡಿಗೆ ಬರ್ತಿದ್ದವರಲ್ಲಿ ಮರ್ಲ್ ಟ್ರಾವಿಸ್, ದಿ ವೆಂಚರ್ಸ್ ತಂಡದಂಥ ದೊಡ್ಡ ಹೆಸರುಗಳೂ ಇದ್ದವು. ಆಮೇಲೆ ಶುರುವಾಯ್ತು ಅಂಚೆ. ಮೊದಲು ಒಬ್ಬೊಬ್ಬ ವಾದಕ ಆರ್ಡರ್ ಕಳಿಸಿದ, ಆಮೇಲೆ ದೂರದ ಅಂಗಡಿಗಳೇ ನಮಗೂ ಕೊಡಿ ಅಂದವು. 1967ರ ಹೊತ್ತಿಗೆ ಬಾಲ್ ಅಂಗಡಿಯನ್ನ ಮಾರಿ, ತಂತಿ ವ್ಯಾಪಾರ ಒಂದನ್ನೇ ಎತ್ತಿಕೊಂಡು ನ್ಯೂಪೋರ್ಟ್ ಬೀಚ್ ಅನ್ನೋ ಊರಿಗೆ ಹೋಗಿಯಾಗಿತ್ತು.

ಓಹೋ, ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ಆಗಲೇ ಇತ್ತಾ ಅಂತ ನೀವು ಕೇಳಬಹುದು. ನಾನಂತೂ ಒಪ್ಪಲ್ಲ. ದುಡ್ಡು ಇಸ್ಕೊಂಡು ಹೊಗಳೋನು ಬೇರೆ, ತನ್ನ ಬೆರಳಿನ ನೋವು ಕಮ್ಮಿ ಆಯ್ತು ಅಂತ ದುಡ್ಡು ಕೊಟ್ಟು ತಗೊಂಡು ಹೋದವನು ಬೇರೆ. ಪುಕ್ಕಟೆ ಪ್ರಚಾರ ಅನ್ನೋದನ್ನೂ ಒಪ್ಪಲ್ಲ. ಬಿಡಿ ತಂತಿಗಳ ಸ್ಟಾಕು ಅಂದ್ರೆ ಕಪಾಟಿನಲ್ಲಿ ಕೂತ ದುಡ್ಡು. ಹೊರಗಿನ ತಯಾರಕನಿಂದ ಮಾಡಿಸಿ, ಮಾರಾಟ ಆಗದಿದ್ರೆ ನಷ್ಟ ಬಾಲ್ ಅವರದ್ದೇ. ಜಾಹೀರಾತಿನ ಖಾತೆಯಲ್ಲಿ ಕಾಣದ ಖರ್ಚು ಬೇರೆ ಖಾತೆಯಲ್ಲಿ ಕೂತಿರುತ್ತೆ, ಇದನ್ನ ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು?

ಫೋಟೋ 4

ಈ ಫೋಟೋದಲ್ಲಿರೋದು ತಂತಿ ಅಲ್ಲ, ಪಿಕಪ್. ತಂತಿಯ ಕೆಳಗೆ ಕೂತು ಅದರ ಕಂಪನವನ್ನ ವಿದ್ಯುತ್ತಾಗಿ ಬದಲಾಯಿಸೋ ಭಾಗ. ತಂತಿಯಾದ್ರೆ ಪ್ಯಾಕೆಟ್ಟಲ್ಲಿ ಬರುತ್ತೆ, ಮತ್ತೆ ಮತ್ತೆ ಕೊಳ್ಳಬೇಕು. ಪಿಕಪ್ ಹಾಗಲ್ಲ, ಒಂದ್ಸಲ ಹಾಕಿದ್ರೆ ಮುಗೀತು.

ನ್ಯೂಯಾರ್ಕಿನಲ್ಲಿ ಗಿಟಾರ್ ರಿಪೇರಿ ಮಾಡ್ತಿದ್ದ ಲ್ಯಾರಿ ಡಿಮಾರ್ಜಿಯೋ 1972ರಲ್ಲಿ ‘ಸೂಪರ್ ಡಿಸ್ಟಾರ್ಷನ್’ ಅನ್ನೋ ಪಿಕಪ್ ತಂದ್ರು. ಕಂಪನಿ ಹಾಕಿದ್ದನ್ನ ಕಿತ್ತು ಇದನ್ನ ಹಾಕ್ಕೊಳ್ಳಿ ಅನ್ನೋ ವ್ಯಾಪಾರ, ಆ ಕಾಲಕ್ಕೆ ಹೊಸದು. ಅದರ ಎರಡೂ ಸುರುಳಿಗಳ ಚೌಕಟ್ಟು ಕೆನೆ ಬಣ್ಣದ್ದು. ಗಿಬ್ಸನ್ ಕಂಪನಿಯ ಹಳೆ ಪಿಕಪ್‌ಗಳಲ್ಲೂ ಕೆಲವಕ್ಕೆ ಇದೇ ಬಣ್ಣ ಇತ್ತು, ಆದ್ರೆ ಅದು ಲೋಹದ ಮುಚ್ಚಳದ ಕೆಳಗೆ ಅಡಗಿತ್ತು. ಅಲ್ಲಿ ಅದು ಬೇಕಂತ ಮಾಡಿದ್ದಲ್ಲ, ಕೈಗೆ ಸಿಕ್ಕ ಪ್ಲಾಸ್ಟಿಕ್ಕಿನ ಬಣ್ಣ. ಡಿಮಾರ್ಜಿಯೋ ಮುಚ್ಚಳ ಇಲ್ಲದೆ ಅದನ್ನ ಹೊರಗೆ ತೋರಿಸಿದ್ರು. ಕಿಸ್ ಬ್ಯಾಂಡಿನ ಏಸ್ ಫ್ರೇಲಿ ತಮ್ಮ ಲೆಸ್ ಪಾಲ್ ಗಿಟಾರಿಗೆ ಇದನ್ನೇ ಹಾಕಿಸಿದ್ರು. ಆ ಕಾಲದ ಅವರ ಸ್ಟೇಜ್ ಫೋಟೋ ಸಿಕ್ಕಿದ್ರೆ ಜೂಮ್ ಮಾಡಿ, ಹಿಂದಿನ ಸಾಲಲ್ಲಿ ಕೂತವನಿಗೂ ಗೊತ್ತಾಗೋ ಹಾಗಿದೆ.

ತೆಳು ತಂತಿಯನ್ನ ಯಾರು ಬೇಕಾದ್ರೂ ಮಾಡಬಹುದು, ಮಾಡಿದ್ರು ಕೂಡ. ಡಿಮಾರ್ಜಿಯೋ ಆ ಜೋಡಿ ಕೆನೆ ಬಣ್ಣಕ್ಕೇ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ರು. ಅದಕ್ಕೇ ಅಲ್ಲಿನ ಬೇರೆ ಪಿಕಪ್ ಕಂಪನಿಗಳ ಮಾಲು ನೋಡಿದ್ರೆ ಹೆಚ್ಚಾಗಿ ಎರಡೂ ಕಪ್ಪು, ಇಲ್ಲಾಂದ್ರೆ ಒಂದು ಕಪ್ಪು ಒಂದು ಕೆನೆ.