ಕತ್ತಿಗೆ ತಕ್ಕ ಹಿಡಿ

ಕ್ಷೌರದ ಕತ್ತಿಯ ಮಾತು ಬಂದರೆ ಎಲ್ಲರೂ ಅಲಗಿನ ಹರಿತವನ್ನೇ ಹೊಗಳುತ್ತಾರೆ. ಬೆಳಗಿನಿಂದ ಸಂಜೆವರೆಗೆ ಗಡ್ಡ ಹೆರೆಯುವ ಕೈಗೆ ಹಿಡಿಯೂ ಅಷ್ಟೇ ಮುಖ್ಯ. ಮಡಚಿದಾಗ ಅಲಗಿನ ಬಾಯಿ ಹಿಡಿಯ ಎರಡು ಪಟ್ಟಿಗಳ ನಡುವೆ ಯಾವ ಮಗ್ಗುಲಿಗೂ ತಾಗದೆ ಕೂರಬೇಕು. ಪಟ್ಟಿ ಕೊಂಚ ಸೊಟ್ಟಗಾದರೂ ಮಸೆದ ಬಾಯಿ ಮೊಂಡಾಗುತ್ತದೆ. ನೀರು, ಸಾಬೂನು, ಬೆವರು ಮೂರನ್ನೂ ಹಿಡಿ ತಾಳಬೇಕು. ಒದ್ದೆ ಬೆರಳಿನಿಂದ ಜಾರಬಾರದು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಪರೀಕ್ಷೆಯೂ ಇತ್ತು: ಒಣಗಿ ಬಿರಿಯಬಾರದು.

ಈ ಸೀಮೆಯ ಹಳ್ಳಿಗಳಲ್ಲಿ ಕ್ಷೌರಿಕ ಒಬ್ಬ ಆಯಗಾರ. ಸಲಕರಣೆಗಳ ಚೀಲವಾದ ಹಡಪವನ್ನು ಹೆಗಲಿಗೇರಿಸಿ ಮನೆ ಮನೆಗೆ ಹೋಗಿ ಮಾಡಿದ ವರ್ಷದ ದುಡಿಮೆಗೆ ಕೂಲಿ ಸಿಗುತ್ತಿದ್ದುದು ರಾಶಿಯ ಕಾಲಕ್ಕೆ, ಕಣದಲ್ಲಿ, ಜೋಳದ ರೂಪದಲ್ಲಿ. ಮಗುವಿನ ಜವಳಕ್ಕೆ, ಮದುವೆಗೆ ಬೇರೆ ಕಾಣಿಕೆ. ಕಂಬಾರ, ಬಡಿಗ, ಸಮಗಾರರಿಗೂ ಅದೇ ಕಣದಿಂದಲೇ ಆಯ. ಊರಲ್ಲೇ ಸಿದ್ಧವಾದ ಕತ್ತಿಯೆಂದರೆ ಈ ಎಲ್ಲರ ಕೈಕೆಲಸ: ಅಲಗು ಕುಲುಮೆಯಿಂದ, ಮರದ ಹಿಡಿ ಬಡಿಗನಿಂದ, ಅಲಗು ತೀಡುವ ಚರ್ಮದ ಪಟ್ಟಿ ಸಮಗಾರನಿಂದ. ಕೃಷ್ಣಾ ತೀರದ ತಿಂಥಣಿಯಲ್ಲಿ ನೆಲೆಸಿದ ಮೌನೇಶ್ವರರನ್ನು ಆರಾಧಿಸುವ ವಿಶ್ವಕರ್ಮರಲ್ಲೇ ಕಬ್ಬಿಣ, ಮರ, ಹಿತ್ತಾಳೆ ಮೂರೂ ಬಲ್ಲವರಿದ್ದರು.

ಇದೇ ವ್ಯವಸ್ಥೆಯಲ್ಲಿ ಚರ್ಮ ಹದ ಮಾಡಿಕೊಟ್ಟ ಜನರ ಗಡ್ಡಕ್ಕೆ ಮಾತ್ರ ಆ ಕತ್ತಿ ತಾಗುತ್ತಿರಲಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸುವ ಸುದ್ದಿ ರಾಜ್ಯದ ಹಳ್ಳಿಗಳಿಂದ ಇಂದಿಗೂ ಬರುತ್ತಿದೆ. ಈ ಅನ್ಯಾಯವನ್ನು ಮರೆಮಾಚಿ ಕತ್ತಿಯ ಚರಿತ್ರೆ ಬರೆಯುವುದು ತಪ್ಪು.

ಹಿಡಿಗೆ ಒದಗುವ ವಸ್ತುಗಳಲ್ಲಿ ಎಮ್ಮೆ, ಕೋಣದ ಕೊಂಬಿಗೆ ಸಾಟಿಯಿಲ್ಲ. ಕೊಂಬಿನ ಮೂಲವಸ್ತು ಕೆರಾಟಿನ್, ನಮ್ಮ ಉಗುರಿನದೂ ಅದೇ. ಕುದಿನೀರಿನಲ್ಲಿ ಕಾಯಿಸಿದರೆ ಮೆತ್ತಗಾಗುತ್ತದೆ. ಒತ್ತಿ ಚಪ್ಪಟೆ ಮಾಡಿ ಆರಿಸಿದರೆ ಆ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಹಗುರ, ಗಟ್ಟಿ, ಒದ್ದೆ ಕೈಗೂ ಹಿತ. ಆದರೆ ಆರೈಕೆ ಬೇಡುತ್ತದೆ. ಎಣ್ಣೆ ಕಾಣದೆ ಒಣಗಿದರೆ ಸೊಟ್ಟಗಾಗುತ್ತದೆ, ಪದರು ಬಿಡುತ್ತದೆ, ಹುಳುವೂ ತಿನ್ನುತ್ತದೆ. ಮರ ಅಗ್ಗ, ಕೆತ್ತಲು ಸುಲಭ; ನೀರು ಕುಡಿದು ಉಬ್ಬುವುದೇ ಅದರ ದೋಷ. ಅದಕ್ಕೇ ಬೀಟೆಯಂಥ ಒತ್ತು ನಾರಿನ ಮರಕ್ಕೆ ಬೆಲೆ. ಎಲುಬು ಬಿಗಿಯಾಗಿರುತ್ತದೆ, ಆದರೆ ಕೆಳಗೆ ಬಿದ್ದರೆ ಸೀಳುತ್ತದೆ. ಹಿತ್ತಾಳೆಗೆ ಈ ಯಾವ ಭಯವೂ ಇಲ್ಲ. ಭಾರವೆಲ್ಲ ಹಿಂದಕ್ಕೆ ಸರಿದು ಅಲಗಿನ ತೂಕ ತಪ್ಪುತ್ತದೆ ಅಷ್ಟೆ. ದುಡಿಯುವವನ ಕೈಗೆ ಎಣ್ಣೆ ಸವರಿದ ಕೊಂಬೇ ಮೇಲು.

ಸುರಪುರದ ಎಳೆಯ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಬಂದ ಕಾಲಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಕತ್ತಿಗಳಿಗೆ ಜಗತ್ತಿನಲ್ಲೇ ಹೆಸರಾಗಿತ್ತು. ಅಲ್ಲಿನ ಹಿಡಿಗಳಿಗೆ ದಂತ, ಆಮೆಚಿಪ್ಪು, ಎಲುಬು, ಕೊಂಬು ಬೇಕಾಗುತ್ತಿತ್ತು. ಜೋಸೆಫ್ ರಾಜರ್ಸ್ ಕಂಪನಿ ಆನೆದಂತದ ರಾಶಿಯನ್ನೇ ಕೂಡಿಟ್ಟುಕೊಂಡಿತ್ತು. ಭಾರತದ ಎಮ್ಮೆಕೊಂಬೂ ಹಡಗೇರಿ ಶೆಫೀಲ್ಡಿಗೆ ಹೋಗುತ್ತಿತ್ತು. ಕೊಂಬು ಕೊಟ್ಟ ನಾಡು ಸಿದ್ಧ ಕತ್ತಿಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ವ್ಯಾಪಾರ ಅದು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಆ ಹಾದಿ ಯಾದಗಿರಿಯನ್ನು ಹಾದು ಹೋಗುತ್ತದೆ. ಬಂದರಿನ ಸರಕಿಗೆ ನಿಜಾಮರ ಸೀಮೆಯ ಈ ಮೂಲೆ ದೂರವಾಗಿ ಉಳಿಯಲಿಲ್ಲ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಸೆಲ್ಯುಲಾಯ್ಡ್ ರೂಪಿಸಿದ. ದಂತದಂತೆ, ಆಮೆಚಿಪ್ಪಿನಂತೆ ಕಾಣುವ ಹಿಡಿ ಅಗ್ಗಕ್ಕೆ ಸಿಗತೊಡಗಿತು. ಅದಕ್ಕೆ ಬೆಂಕಿ ಬೇಗ ತಗಲುತ್ತದೆ. ಹಳೆಯದಾದಂತೆ ಅದರಿಂದ ಹೊರಡುವ ಆಮ್ಲದ ಆವಿ ಅಲಗಿಗೇ ತುಕ್ಕು ಹಿಡಿಸುತ್ತದೆ. ಆದರೂ ದಂತದ ಬೇಡಿಕೆ ತಗ್ಗಿಸಿದ್ದು ಸಣ್ಣ ಉಪಕಾರವಲ್ಲ. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿದ್ದದ್ದು 1989ರಷ್ಟು ತಡವಾಗಿ.

ಹಿಡಿಯ ಆಯ್ಕೆಯನ್ನೇ ಮುಗಿಸಿದ್ದು ಬ್ಲೇಡು. ಎಚ್‌ಐವಿಯ ಭಯ ಹರಡಿದ ಮೇಲೆ ಗಿರಾಕಿಗೊಂದು ಹೊಸ ಬ್ಲೇಡ್ ಹಾಕುವ ಕತ್ತಿ ಸಲೂನುಗಳಿಗೆ ಬಂತು. ಆರೋಗ್ಯದ ದೃಷ್ಟಿಯಿಂದ ಅದೇ ಸರಿ. ಹಳೆಯ ಪದ್ಧತಿಗೆ ಮರಳಬೇಕೆಂದು ಯಾರೂ ಹೇಳಬಾರದು. ಈಗಿನ ಹಿಡಿ ಸ್ಟೀಲಿನದು ಇಲ್ಲವೇ ಪ್ಲಾಸ್ಟಿಕ್ಕಿನದು, ಎಲ್ಲ ಊರಲ್ಲೂ ಒಂದೇ ಅಚ್ಚಿನದು.

ಯಾದಗಿರಿ ಜಿಲ್ಲೆಯ ಹಡಪದ ಮತ್ತು ಸವಿತಾ ಸಮಾಜದ ಮನೆಗಳಲ್ಲಿ ಅಜ್ಜನ ಕತ್ತಿ ಇನ್ನೂ ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಹಿಡಿ ಯಾವುದರದು, ಕಟ್ಟಿದವರು ಯಾರು, ಯಾವ ಊರಿನ ಆಯಕ್ಕೆ ದುಡಿದದ್ದು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಶಿಲ್ಪ, ಶಾಸನಗಳ ಪಕ್ಕದಲ್ಲಿ ಅಂಥ ಹಡಪವೊಂದಕ್ಕೂ ಜಾಗ ಸಿಗಬೇಕು.