ಕುಟುಂಬ ದತ್ತು ಕಾರ್ಯಕ್ರಮ

ಎಂಬಿಬಿಎಸ್ ವಿದ್ಯಾರ್ಥಿಗಳು ಓದಿನ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ತಪಾಸಿಸಿ, ಮುಂದಿನ ವರ್ಷಗಳಲ್ಲೂ ಅದರ ಮೇಲೆ ನಿಗಾ ಇಡುವ, ಭಾರತದ ವೈದ್ಯಕೀಯ ಶಿಕ್ಷಣದ ಕಡ್ಡಾಯ ಅಂಗ. ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು 2022ರಲ್ಲಿ ಪಠ್ಯಕ್ರಮಕ್ಕೆ ಸೇರಿಸಿತು. ಹೊಣೆ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ್ದು. ಇದಕ್ಕೆ ಹಳೆಯ ಮಾದರಿಯೂ ಉಂಟು: 1969ರಲ್ಲಿ ಸೇವಾಗ್ರಾಮದಲ್ಲಿ ಆರಂಭವಾದ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತಿ ವರ್ಷದ ವಿದ್ಯಾರ್ಥಿ ತಂಡ ಒಂದೊಂದು ಹಳ್ಳಿಯನ್ನು ದತ್ತು ಪಡೆಯುವ ರೂಢಿ ಬೆಳೆದುಬಂದಿದೆ.

ಆರೋಗ್ಯ ಸೇವೆ ಸರಿಯಾಗಿ ತಲುಪದ ಊರುಗಳಿಗೆ ಆದ್ಯತೆ. ವಿದ್ಯಾರ್ಥಿ ಮನೆಮಂದಿಯ ವಿವರ, ಕುಡಿಯುವ ನೀರು, ಶೌಚಾಲಯ, ಮಕ್ಕಳ ಲಸಿಕೆ ಇವನ್ನು ಬರೆದುಕೊಳ್ಳುತ್ತಾನೆ. ಎತ್ತರ, ತೂಕ, ರಕ್ತದೊತ್ತಡ ಅಳೆಯುತ್ತಾನೆ. ಕೆಳರೆಪ್ಪೆ ಸರಿಸಿ ರಕ್ತಹೀನತೆಯ ಬಿಳಿಚು, ಮಗುವಿನ ತೋಳಿಗೆ ಪಟ್ಟಿ ಸುತ್ತಿ ಅಪೌಷ್ಟಿಕತೆ ಗುರುತಿಸುತ್ತಾನೆ. ಚಿಕಿತ್ಸೆ ಅವನ ಕೆಲಸವಲ್ಲ; ಸಂಶಯ ಕಂಡವರನ್ನು ಮೇಲ್ವಿಚಾರಕ ವೈದ್ಯರ ಮೂಲಕ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಆಶಾ ಕಾರ್ಯಕರ್ತೆಯರು ಊರಿಗೂ ಕಾಲೇಜಿಗೂ ಕೊಂಡಿ. ಒಂದು ದಿನದ ಶಿಬಿರದಲ್ಲಿ ಪತ್ತೆಯಾದ ಬಿಪಿ, ಸಕ್ಕರೆ ಕಾಯಿಲೆಗಳು ಮಾತ್ರೆ ನಿಂತು ಮತ್ತೆ ಏರುವುದು ಸಾಮಾನ್ಯವಾದ್ದರಿಂದ, ಅದೇ ಮನೆಗೆ ಮರಳಿ ಹೋಗುವ ಈ ಕ್ರಮವೇ ಕಾರ್ಯಕ್ರಮದ ತಿರುಳು. ಕಾಲೇಜಿಗೂ ಹಳ್ಳಿಗೂ ಇರುವ ದೂರ, ವಾಹನದ ಕೊರತೆ, ಕೂಲಿಗೆ ಹೋದವರು ಹಗಲಲ್ಲಿ ಸಿಗದಿರುವುದು ಇದರ ಮುಖ್ಯ ತೊಡಕುಗಳು.