ಜಲ, ಪಾಷಾಣ, ಸಾಧ್ಯ

ಇಂದಿನ ದಾವಣಗೆರೆ ಜಿಲ್ಲೆಯ ಶಾಸನ ಹುಡುಕುವವರು ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ಸಂಪುಟ ತೆರೆಯಬೇಕು. ಚನ್ನಗಿರಿ ಮತ್ತು ಹೊನ್ನಾಳಿ (ನ್ಯಾಮತಿ ಆಗ ಇದರೊಳಗೇ ಇತ್ತು) ರೈಸರ 1902ರ ಏಳನೆಯ ಸಂಪುಟದಲ್ಲಿವೆ. ಜಗಳೂರು 1903ರ ಹನ್ನೊಂದನೆಯದರಲ್ಲಿ. ಒಂದು ಕಡೆ ತುಂಗಭದ್ರೆ, ಸೂಳೆಕೆರೆ. ಇನ್ನೊಂದು ಕಡೆ ಬರದ ಸೀಮೆ. ಕೊಳವೆಬಾವಿ ಕೊರೆಸುವ ಆತಂಕ ಮಾತ್ರ ಈಗ ಎಲ್ಲ ಕಡೆ ಒಂದೇ.

ವಿಜಯನಗರ ಕಾಲದ ದಾನಶಾಸನಗಳಲ್ಲಿ ಅಷ್ಟಭೋಗದ ಪಟ್ಟಿ ಬರುತ್ತಲ್ಲ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ರೂಢಿಯ ಮಾತು ಅಂತ ನಾವು ಅದನ್ನು ದಾಟಿಬಿಡ್ತೀವಿ. ನನಗೆ ಅಲ್ಲಿ ಜಲ ಕೂತಿರುವ ಜಾಗವೇ ಮುಖ್ಯ ಅನ್ನಿಸುತ್ತದೆ. ಹೂತಿಟ್ಟ ನಿಧಿಯ ಸಾಲಿನಲ್ಲಿ, ಕಲ್ಲಿನ ಪಕ್ಕದಲ್ಲಿ ಅದು ಕೂತಿದೆ. ಕೈಯಲ್ಲಿರುವುದು ಸಿದ್ಧ, ಮುಂದೆ ಮಾಡಿಕೊಳ್ಳಬಹುದಾದದ್ದು ಸಾಧ್ಯ. ದಾನ ಪಡೆದವನಿಗೆ ಸಿಕ್ಕಿದ್ದು ನೀರಿನ ಮೇಲಿನ ಹಕ್ಕು. ನೀರು ಸಿಕ್ಕೇ ಸಿಗುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಸಿಗದಿದ್ದರೆ ನಷ್ಟ ಯಾರದು? ಕೆರೆಗಳ ವಿಷಯದಲ್ಲಿ ಕಟ್ಟುಕೊಡಗೆ, ದಶವಂದ ಶಾಸನಗಳು ಇದಕ್ಕೆ ಉತ್ತರ ಕೊಡುತ್ತವೆ. ಕಟ್ಟಿಸಿದವನಿಗೆ ಎಷ್ಟೋ ಕಡೆ ಅದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು. ಕೆರೆ ತುಂಬದಿದ್ದರೆ ಅವನ ಪಾಲೂ ಒಣಗಿತು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ಇನ್ನೂ ಮುಂದೆ ಹೋಗಿ, ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಜಲಶಾಸ್ತ್ರ ಬಲ್ಲವನೊಬ್ಬ ಇರಬೇಕು ಅನ್ನುವುದು ಅಂಗಗಳಲ್ಲಿ ಒಂದು. ನೀರು ಕಡಿಮೆ, ನೆಲ ವಿಸ್ತಾರ ಅನ್ನುವುದು ದೋಷಗಳಲ್ಲಿ ಒಂದು. ಚನ್ನಗಿರಿಯ ಅಡಿಕೆ ತೋಟಗಳ ನಡುವೆ ನಿಂತು ಇದನ್ನು ಓದಿ ನೋಡಿ!

ಈ ಸೀಮೆಯ ತಳ ಗಟ್ಟಿ ಬಂಡೆ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಹಾಗಾಗಿ ಒಂದೇ ಹೊಲದಲ್ಲಿ ಒಂದು ಬೋರು ಚಿಮ್ಮಿದರೆ ಇನ್ನೊಂದು ಬರೀ ಧೂಳು ಉಗುಳಬಹುದು. ಅಂಗೈ ಮೇಲಿನ ತೆಂಗಿನಕಾಯಿ ಇದನ್ನು ಹೇಳಲಾರದು. ನೆಲದ ವಿದ್ಯುತ್ ರೋಧ ಅಳೆಯುವ ಸರ್ವೆ ಅನುಮಾನ ತಗ್ಗಿಸುತ್ತದೆ, ಅಳಿಸುವುದಿಲ್ಲ. ಅದಕ್ಕೇ ಅಕ್ಕಪಕ್ಕದ ಬಾವಿಗಳ ಆಳ, ಬತ್ತಿದ ವರ್ಷ, ಎಲ್ಲ ಗುರುತು ಹಾಕಿಕೊಂಡು, ಎಷ್ಟು ಅಡಿಗೆ ಕೈಬಿಡಬೇಕು ಅನ್ನುವುದನ್ನು ಲಾರಿ ಬರುವ ಮೊದಲೇ ತೀರ್ಮಾನಿಸಬೇಕು. ಲಾರಿ ನಿಂತ ಮೇಲೆ ಆ ತೀರ್ಮಾನ ಆಗದು. ಸುರಿದ ದುಡ್ಡು "ಇನ್ನೊಂದು ಐವತ್ತಡಿ ನೋಡೋಣ" ಅನ್ನಿಸುತ್ತೆ. ದಶವಂದದ ಲೆಕ್ಕ ಇಲ್ಲಿ ತಿರುಗುಮುರುಗು: ಕೊರೆದವರಿಗೆ ಅಡಿಗಿಷ್ಟು, ನೀರು ಬರಲಿ ಬಿಡಲಿ. ಸಾಲ ಮಾತ್ರ ಹೊಲದವನದು.